ರೈಟ್ ಹೇಳುವ ತನಕ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಹಾರ ಹಾಕಿ, ಮಾತಾಡಿದವರೆಲ್ಲ ‘ಗೇಮ್ ಮೇಡಂ’ ಎಂದೇ ಕರೆದರು. ಆ ದಿನದವರೆಗೆ ನಾನು ಒಂದು ಗೇಮನ್ನೂ ಆಡಿರಲಿಲ್ಲ. ಚಿಕ್ಕಂದಿನಲ್ಲಿ ಚೌಕಾಬಾರ ಆಡಿದ್ದೆ, ಅದರಲ್ಲೂ ಸೋಲುತ್ತಿದ್ದೆ. ಸಕ್ಕರೆ ಕಾಯಿಲೆಯ ಮಿಠಾಯಿ ಅಂಗಡಿಯವನು ಜಿಲೇಬಿ ತೂಗಿದ ಹಾಗೆ ನಾನು ಇಷ್ಟು ವರ್ಷ ಬೇರೆಯವರ ಆಟ ನೋಡಿಕೊಂಡೆ.

ಈ ಕೆಲಸಕ್ಕೆ ಈಗ ಹೊಸ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಅವರಿಗೆ ಕೋರ್ಸಿನಲ್ಲಿ ಹೇಳಿಕೊಡದ ನಾಲ್ಕು ಮಾತು ಬರೆದಿಡೋಣ ಎಂದು ಕೂತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಇದ್ದದ್ದೇ ಮೂರು ಕುರ್ಚಿ. ಬಡ್ತಿ ಎಂದರೆ ಫ್ಯಾನಿನ ಕೆಳಗಿನ ಕುರ್ಚಿ. ಅದು ನನಗೆ ಸಿಕ್ಕ ವರ್ಷವೇ ಫ್ಯಾನು ಕೆಟ್ಟಿತು.

ನನ್ನ ಮೊದಲ ಕೆಲಸ ಹರಿಹರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ನಟ್ಟು, ಬೋಲ್ಟು, ಬೇರಿಂಗುಗಳ ಹೆಸರನ್ನು ಕಂಪ್ಯೂಟರಿಗೆ ಹಾಕುವುದು. ನಮ್ಮ ಸೂಪರಿಂಟೆಂಡೆಂಟ್ ಹಾಲಪ್ಪನವರು. ಬೈಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಆಮೇಲೆ ಬಹಳ ಕಾಲ ಕಾಣಲಿಲ್ಲ. ಬೈಯುವ ಮುಂಚೆ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸುತ್ತಿದ್ದರು. ಕನ್ನಡಕಕ್ಕೆ ಕೈ ಹೋಯಿತೆಂದರೆ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಒಮ್ಮೆ ನಾನು ಒಂದು ಬೇರಿಂಗಿಗೆ ‘ಹೊಸದು’ ಎಂದು ಹೆಸರು ಕೊಟ್ಟಿದ್ದೆ.

“ಮುಂದಿನ ತಿಂಗಳು ಇನ್ನೊಂದು ಬರ್ತೈತೆ. ಅದಕ್ಕೇನಂತ ಇಡ್ತೀಯವ್ವ? ಹೊಸದರ ತಮ್ಮ ಅಂತೀಯ?” ಎಂದರು. ಕನ್ನಡಕ ಹಾಕಿಕೊಂಡ ಮೇಲೆ ಮೆಲ್ಲಗೆ, “ಹೆಸರಿಡಾದು ನಿನಗಲ್ಲ. ನಾಳೆ ನಿನ್ನ ಕುರ್ಚಿಗೆ ಬರೋರಿಗೆ,” ಎಂದರು.

ಈ ಒಂದು ಬೈಗುಳದ ಮೇಲೆ ನನ್ನ ಉಳಿದ ವೃತ್ತಿಯೆಲ್ಲ ನಡೆಯಿತು. ಕಾರ್ಖಾನೆ ಬಾಗಿಲು ಹಾಕಿತು, ಹಾಲಪ್ಪನವರು ಊರಿಗೆ ಹೋದರು, ನಾನು ದಾವಣಗೆರೆಯಲ್ಲಿ ಕೆಲಸ ಹುಡುಕತೊಡಗಿದೆ.

ಸಿಕ್ಕಿದ್ದು ನಿಜಲಿಂಗಪ್ಪ ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ. ಮಾಲೀಕ ಇಮ್ರಾನ್. ಅವರ ತಂದೆ ಬಸ್ಸುಗಳ ಸೀಟಿಗೆ ರೆಕ್ಸಿನ್ ಹೊಲಿಯುತ್ತಿದ್ದವರು. ಅಂಗಡಿಗೆ ಬಂದ ಬಸ್ಸಿನ ಸ್ಟಿಯರಿಂಗ್ ಹಿಡಿದು ಬೆಳೆದ ಹುಡುಗ ದೊಡ್ಡವನಾಗಿ ಬಸ್ಸಿನ ಗೇಮಿನ ಸರ್ವರ್ ಇಟ್ಟ. ಅಂದರೆ, ಬೇರೆ ಬೇರೆ ಊರಲ್ಲಿ ಕೂತವರು ತಮ್ಮ ಕಂಪ್ಯೂಟರಿನಿಂದ ಒಂದೇ ರಸ್ತೆಗೆ ಬಂದು ಬಸ್ ಓಡಿಸುತ್ತಾರೆ, ಆ ರಸ್ತೆ ನಮ್ಮ ಆಫೀಸಿನಲ್ಲಿ ಇರುತ್ತದೆ. ನಮ್ಮದು ದಾವಣಗೆರೆಯಿಂದ ಬಾತಿ ಎಂಬ ಹಳ್ಳಿಯ ಮೇಲೆ ಹರಿಹರಕ್ಕೆ ಹೋಗುವ ರಸ್ತೆ. ಗುಂಡಿ ಸಮೇತ ಮಾಡಿದ್ದರು. ಕೆಲವರು ಡ್ರೈವರು, ಕೆಲವರು ಕಂಡಕ್ಟರು, ಕೆಲವರು ಬರೀ ಪ್ರಯಾಣಿಕರು. ಬರೀ ಪ್ರಯಾಣ ಮಾಡಲು ಕಂಪ್ಯೂಟರ್ ಹಾಕಿಕೊಂಡು ಕೂರುವವರೂ ಇದ್ದಾರೆಯೇ ಎಂದು ಮೊದಮೊದಲು ನನಗೆ ಆಶ್ಚರ್ಯ. ಆಮೇಲೆ ಅವರೇ ಜಾಸ್ತಿ ಎಂದು ಗೊತ್ತಾಯಿತು.

ಇಷ್ಟು ಜನರನ್ನು ಕಾಯಲು ಒಂದು ಟೂಲ್ ಇತ್ತು. ವಿದೇಶದಲ್ಲಿ ಯಾರೋ ಬರೆದದ್ದು. ಯಾರು ಬಂದರು, ಯಾರು ಹೋದರು, ಯಾರು ಗುದ್ದಿದರು, ಎಲ್ಲ ನೋಡಿಕೊಂಡು ಸ್ಕ್ರಿಪ್ಟಿನಲ್ಲಿ ಬರೆದ ಪ್ರಕಾರ ಸ್ವಾಗತ, ಎಚ್ಚರಿಕೆ, ಉಚ್ಚಾಟನೆ ಮೂರನ್ನೂ ಮಾಡುತ್ತಿತ್ತು. ಆಟಗಾರನ ಹೆಸರು, ವೇಗ, ಎಷ್ಟು ಹೊತ್ತಿನಿಂದ ನಿಂತಿದ್ದಾನೆ — ಇಂಥ ಕೆಲವು ವೇರಿಯಬಲ್‌ಗಳು ಅದರಲ್ಲೇ ಬಂದಿದ್ದವು. ವೇರಿಯಬಲ್ ಎಂದರೆ ಹೆದರಬೇಕಾದ್ದೇನಿಲ್ಲ, ಹೆಸರು ಬರೆದ ಡಬ್ಬಿ. ಹೆಸರು ಅದೇ ಇರುತ್ತದೆ, ಒಳಗಿನದು ಬದಲಾಗುತ್ತದೆ. ಟೂಲಿಗೆ ಗೊತ್ತಿಲ್ಲದ ನಮ್ಮೂರಿನ ಸಂಗತಿಗಳಿಗೆ ಹೊಸ ಡಬ್ಬಿ ಮಾಡಿಕೊಡುವುದು ನನ್ನ ಕೆಲಸ. ಹೆಸರು ಕೊಡಬೇಕು, ಮೊದಲು ಅದರಲ್ಲಿ ಏನಿರಬೇಕು ಹೇಳಬೇಕು, ಯಾವಾಗ ಬದಲಾಗಬೇಕು ಹೇಳಬೇಕು, ಯಾವಾಗ ಖಾಲಿ ಮಾಡಬೇಕು ಹೇಳಬೇಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ನೀವೂ ಮರೆಯುತ್ತೀರಿ.

ನನಗಿಂತ ಮುಂಚೆ ಈ ಡಬ್ಬಿಗಳನ್ನು ಮಾಡುತ್ತಿದ್ದವನು ಪ್ರಮೋದ. ಬುದ್ಧಿವಂತ, ಕೈ ಚುರುಕು, ಆದರೆ ಸದಾ ಹಸಿದಿರುತ್ತಿದ್ದ. ಅವನ ವೇರಿಯಬಲ್‌ಗಳ ಹೆಸರು ‘ದೋಸೆ’, ‘ಚಟ್ನಿ’, ‘ಬೆಣ್ಣೆ’, ‘ಬೆಣ್ಣೆ ಎರಡು’. ‘ಚಟ್ನಿ ಸೊನ್ನೆಯಾದರೆ ಆಟಗಾರನನ್ನು ಹೊರಗೆ ಹಾಕು’ ಎಂಬ ಸಾಲು ಓದಿ ಮೊದಲ ದಿನವೇ ನನಗೆ ಹಾಲಪ್ಪನವರ ಕನ್ನಡಕ ನೆನಪಾಯಿತು. ಏನಪ್ಪಾ ಇದು ಎಂದರೆ, “ಚಟ್ನಿ ಇಲ್ಲಂದ್ರ ಹೋಟ್ಲಾಗೆ ಯಾರು ಕೂಡ್ತಾರ್ರಿ ಮೇಡಂ, ಎದ್ದು ಹೋಗ್ತಾರೆ,” ಎಂದ. ತರ್ಕ ಸರಿಯಾಗಿಯೇ ಇತ್ತು. ಆದರೂ ಹೆಸರುಗಳನ್ನೆಲ್ಲ ನಾನು ಬದಲಾಯಿಸಿದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎಂಬ ಗಾದೆಯನ್ನು ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ನನಗೂ ಕೇಳಿಸಿತು.

ಇಮ್ರಾನ್ ಬೈಯುವ ಮಾಲೀಕರಲ್ಲ. ವಯಸ್ಸಿನಲ್ಲಿ ದೊಡ್ಡವರನ್ನು ಬೈಯಬಾರದೆಂದು ಅವರ ಮನೆಯಲ್ಲಿ ಕಲಿಸಿದ್ದರು. ಸಿಟ್ಟು ಬಂದರೆ “ಮೇಡಂ, ಚಾ ಕುಡೀರಿ” ಎನ್ನುತ್ತಿದ್ದರು. ಕೆಲವು ದಿನ ನನಗೆ ಆರು ಏಳು ಚಹಾ ಆಗುತ್ತಿತ್ತು. ಅವರ ಈ ಮರ್ಯಾದೆ ಸರ್ವರ್‌ಗೂ ಇಳಿದಿತ್ತು. ಆಟದಲ್ಲಿ ಮೋಸ ಮಾಡಿದವರನ್ನು ಟೂಲ್ ಹೊರಗೆ ಹಾಕುವಾಗ ಒಂದು ಸಂದೇಶ ತೋರಿಸಬೇಕು. ಮೂಲದಲ್ಲಿ ಇಂಗ್ಲಿಷಿನಲ್ಲಿ ‘ತೊಲಗು’ ಎಂಬರ್ಥದ್ದು ಇತ್ತು. ಬಾಗಿಲ ತನಕ ಬಂದವರಿಗೆ ಬರೀ ‘ಹೋಗಿ’ ಎನ್ನುವುದು ನಮ್ಮ ಕಡೆ ಸಾವಿನ ಮನೆಯಲ್ಲಿ ಮಾತ್ರ ಎಂದು ಇಮ್ರಾನ್ ಅದನ್ನು ತೆಗೆಸಿ, ‘ಹೋಗಿ ಬರ್ರಿ’ ಎಂದು ಹಾಕಿಸಿದರು. ಹೊರಗೆ ಹಾಕಿದವರೆಲ್ಲ ಐದು ನಿಮಿಷಕ್ಕೆ ವಾಪಸ್ಸು. ಕೇಳಿದರೆ, “ನೀವೇ ಬರ್ರಿ ಅಂದ್ರಲ್ರಿ.” ಆಗ ಒಂದು ಎಣಿಕೆಯ ವೇರಿಯಬಲ್ ಸೇರಿಸಿದೆವು: ಮೂರು ಸಲ ಉಚ್ಚಾಟನೆಯಾದರೆ ಆ ಕಂಪ್ಯೂಟರಿನಿಂದ ಶಾಶ್ವತವಾಗಿ ಬಾಗಿಲು ಬಂದ್. ಹೆಸರು ಬದಲಿಸಿಕೊಂಡರೂ ಒಳಗೆ ಬರುವಂತಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ತೊಂದರೆ ನಿಲ್ಲುವುದರದ್ದು. ಆ ಟೂಲಿನ ದೇಶದಲ್ಲಿ ಬಸ್ಸು ಸ್ಟಾಪಿನಲ್ಲಿ ಮಾತ್ರ ನಿಲ್ಲುತ್ತದೆಯಂತೆ. ಬೇರೆಲ್ಲೇ ನಿಂತರೂ ಅದು ‘ರಸ್ತೆ ತಡೆ’ ಎಂದು ಲೆಕ್ಕ ಹಿಡಿದು ಎಚ್ಚರಿಕೆ ಕೊಟ್ಟು ಹೊರಗೆ ಹಾಕುತ್ತಿತ್ತು. ನಮ್ಮ ರಸ್ತೆಯಲ್ಲಿ ಯಾರು ಕೈ ಎತ್ತಿದರೆ ಅದೇ ಸ್ಟಾಪು. ಮೊದಲ ವಾರ ಅರ್ಧಕ್ಕರ್ಧ ಡ್ರೈವರುಗಳು ಬಾತಿ ದಾಟುವುದರೊಳಗೆ ಉಚ್ಚಾಟಿತರಾದರು. ನಾನು ‘ಕೈ’ ಎಂಬ ವೇರಿಯಬಲ್ ಮಾಡಿದೆ. ಪ್ರಯಾಣಿಕ ಕೈ ಎತ್ತಿದರೆ ಒಂದು, ಇಲ್ಲದಿದ್ದರೆ ಸೊನ್ನೆ; ಒಂದಿದ್ದರೆ ಡ್ರೈವರಿಗೆ ಸೂಚನೆ ಹೋಗುತ್ತದೆ, ಬಸ್ಸು ನಿಲ್ಲಬಹುದು. ಬಸ್ಸು ಹತ್ತಿದ ಮೇಲೆ ಅದನ್ನು ಮತ್ತೆ ಸೊನ್ನೆ ಮಾಡಬೇಕಿತ್ತು. ಮಾಡಿರಲಿಲ್ಲ. ಜನ ಹತ್ತಿ ಹೋದ ಮೇಲೂ ಬಾತಿಯಲ್ಲಿ ಕಾಣದ ಕೈಗಳು ಎತ್ತಿಕೊಂಡೇ ಇದ್ದವು, ಖಾಲಿ ಜಾಗದ ಮುಂದೆ ಬಸ್ಸುಗಳು ಒಂದರ ಹಿಂದೆ ಒಂದು ನಿಂತುಬಿಟ್ಟವು. ದಾವಣಗೆರೆಯ ತನಕ ಸಾಲು. ದೂರು ಬರುತ್ತದೆಂದು ಕಾದೆವು. ಬಂದದ್ದು ಶಹಭಾಸ್‌ಗಿರಿ. ಇಷ್ಟು ಅಸಲಿಯಾಗಿ ಟ್ರಾಫಿಕ್ ಮಾಡಿದ್ದೀರಿ, ಊರಿಗೆ ಬಂದ ಹಾಗಾಯಿತು ಎಂದು ದುಬೈಯಿಂದ ಒಬ್ಬರು ಬರೆದರು. ಸರಿಪಡಿಸಿದಾಗ ಅವರಿಗೆ ಬೇಜಾರಾಯಿತು.

ಹೀಗೆ ನಡೆದಿರುವಾಗ ಒಂದು ಮಧ್ಯಾಹ್ನ ಆಫೀಸಿನ ಮೆಟ್ಟಿಲ ಮೇಲೆ ಯಾರೋ ಕಷ್ಟಪಟ್ಟು ಹತ್ತುವ ಸದ್ದು. ಹೆಗಲ ಮೇಲೆ ಟವೆಲ್ಲು, ಹಣೆಯಲ್ಲಿ ವಿಭೂತಿ, ಎಪ್ಪತ್ತರ ಹತ್ತಿರದ ದೊಡ್ಡ ಆಳು. ಬಾಗಿಲಲ್ಲಿ ನಿಂತು ನಮ್ಮ ಮೂವರನ್ನೂ ನೋಡಿ,

“ಇಲ್ಲಿ ಆರ್ಟಿಓ ಯಾರ್ರಿ?” ಎಂದರು.

ಇಮ್ರಾನ್ ಮತ್ತು ಪ್ರಮೋದ ಇಬ್ಬರೂ ನನ್ನ ಕಡೆ ಕೈ ತೋರಿಸಿದರು.

“ಬರ್ರಿ, ಕೂಡ್ರಿ,” ಎಂದೆ.

“ಕೂಡಾದಿರ್ಲಿ. ನನ್ನ ಗಾಡಿ ಯಾಕ ಹಿಡೀತೀರಿ ನೀವು? ಎರಡು ಸಲ ಆತು. ಇವತ್ತಿನ ತನಕ ನನ್ನ ಲೈಸೆನ್ಸಿನ ಮ್ಯಾಲೆ ಒಂದು ಕೇಸಿಲ್ಲ.”

ಅವರ ಹೆಸರು ರುದ್ರಪ್ಪ. ಹರಿಹರದವರು. ದಾವಣಗೆರೆ–ಹರಿಹರದ ನಡುವೆ ಖಾಸಗಿ ಬಸ್ಸು ಓಡಿಸಿ ಮುದುಕರಾದವರು. ಮಂಡಿ ಆಪರೇಷನ್ ಆಗಿ ಕ್ಲಚ್ ತುಳಿಯಲಾಗದೆ ಮನೆಯಲ್ಲಿ ಕೂತಿದ್ದಾಗ ಮಗಳು ಈ ಗೇಮ್ ಹಾಕಿಕೊಟ್ಟಳು. “ಇದರಾಗ ಕ್ಲಚ್ ಇಲ್ಲ ನೋಡ್ರಿ, ಅದಕ್ಕೇ ಬದುಕಿದೆ,” ಎಂದರು. ಟೂಲಿನಲ್ಲಿ ತೆಗೆದು ನೋಡಿದರೆ ಎರಡು ಸಲವೂ ಬಾತಿಯಲ್ಲೇ, ಕಾರಣ ರಸ್ತೆ ತಡೆ. ಕೈ ಎತ್ತಿದವರು ಹತ್ತಿ ಆದ ಮೇಲೂ ಬಸ್ಸು ಬಹಳ ಹೊತ್ತು ನಿಂತೇ ಇತ್ತು. ಮೂರನೆಯ ಸಲವಾದರೆ ಬಾಗಿಲು ಬಂದ್ ಎಂದು ತಿಳಿಸಿ ಹೇಳಿದೆ. ಎಚ್ಚರಿಕೆ ಬಂದ ಕೂಡಲೇ ಬಸ್ಸು ಮುಂದೆ ತೆಗೆದುಬಿಡಿ, ಅಷ್ಟೇ, ಎಂದೆ.

ರುದ್ರಪ್ಪ ನನ್ನನ್ನು ನೋಡಿದ ರೀತಿಯಲ್ಲಿ ಕನ್ನಡಕ ಒಂದು ಇರಲಿಲ್ಲ, ಅಷ್ಟೇ ವ್ಯತ್ಯಾಸ.

“ಕಂಡಕ್ಟರ್ ರೈಟ್ ಹೇಳದೆ ಗಾಡಿ ಎತ್ತಾದ? ಹಿಂದಿನ ಬಾಗ್ಲಾಗೆ ಯಾರು ಒಂದು ಕಾಲು ಇಟ್ಟಾರೋ, ಯಾರ ಸೀರಿ ಸಿಕ್ಕೈತೋ, ನನಗೇನು ಕಾಣ್ತೈತೆ? ರೈಟ್ ಅಂದ ಮ್ಯಾಲೆ ಗಾಡಿ ನಂದು. ಅಲ್ಲೀ ತನಕ ಅವಂದು.”

“ಹಾಗಾದರೆ ಕಂಡಕ್ಟರಿಗೆ ಬೇಗ ಹೇಳಲು ಹೇಳಿ.”

ಅವರು ಟವೆಲ್ಲು ಹೆಗಲಿಂದ ತೆಗೆದು ಮಡಚಿದರು, ಮತ್ತೆ ಬಿಚ್ಚಿದರು. ಈಗ ಕೂತರು.

“ಅವನಿಗೆ ಬೇಗ ಆಗಂಗಿಲ್ರಿ,” ಎಂದರು.

ಕಂಡಕ್ಟರ್ ಮಹಬೂಬ್ ಸಾಬರು. ಆಟದಲ್ಲಷ್ಟೇ ಅಲ್ಲ, ನಿಜವಾದ ಬಸ್ಸಿನಲ್ಲೂ ರುದ್ರಪ್ಪನವರಿಗೆ ಅವರೇ ಕಂಡಕ್ಟರು. ಒಬ್ಬರು ಹರಿಹರ, ಒಬ್ಬರು ಬಾತಿ. ಬೆಳಗಿನ ಮೊದಲ ಟ್ರಿಪ್ಪಿಗೆ ಸಾಬರು ಬಾತಿಯಲ್ಲಿ ಹತ್ತುತ್ತಿದ್ದರು. ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. “ಗಾಡಿ ತುಂಬ ಮಾತಾಡಾ ಮನಷ್ಯ. ಈಗ ಹೋದ್ರೆ ಸುಮ್ನೆ ನನ್ನ ಮಕ ನೋಡ್ತಾನ. ನನಗೆ ತಡಕಳಾಕ ಆಗಂಗಿಲ್ಲ,” ಎಂದರು ರುದ್ರಪ್ಪ. ಆಟದಲ್ಲಾದರೂ ಒಂದೇ ಬಸ್ಸಿನಲ್ಲಿ ಇರೋಣ ಎಂದು ಮಗಳಿಗೆ ಹೇಳಿ ಸಾಬರ ಮನೆಯ ಕಂಪ್ಯೂಟರಿಗೂ ಹಾಕಿಸಿದ್ದರು. ಆಟದಲ್ಲೂ ಸಾಬರು ಹತ್ತುವುದು ಬಾತಿಯಲ್ಲೇ.

ನಾನು ಮರುದಿನ ಮಧ್ಯಾಹ್ನ ಬಾತಿಗೆ ಹೋದೆ. ಕೆಲಸದ ನಿಯಮದಲ್ಲಿ ಇದಿಲ್ಲ. ಆದರೆ ಡಬ್ಬಿಯಲ್ಲಿ ಏನು ಹಾಕಬೇಕೆಂದು ತಿಳಿಯಬೇಕಾದರೆ ಒಮ್ಮೆ ಅಡುಗೆಮನೆಗೆ ಹೋಗಬೇಕು.

ಸಾಬರ ಸೊಸೆ ಶಬಾನಾ ಬಾಗಿಲು ತೆಗೆದಳು. ಒಳಗೆ ಕಿಟಕಿಯ ಪಕ್ಕ ಹಳೆಯ ಕಂಪ್ಯೂಟರಿನ ಮುಂದೆ ಸಾಬರು ಕೂತಿದ್ದರು. ಎಡಗೈ ಮೌಸಿನ ಮೇಲೆ, ಬಲಗೈ ತೊಡೆಯ ಮೇಲೆ ಯಾರೋ ಇಟ್ಟುಹೋದ ಹಾಗೆ. ಪರದೆಯ ಮೇಲೆ ಬಾತಿಯ ಸ್ಟಾಪು. ಬಸ್ಸು ಬಂತು, ಪ್ರಯಾಣಿಕರು ಹತ್ತಿದರು, ಕೊನೆಗೆ ಕಂಡಕ್ಟರೂ ಹತ್ತಿದರು. ಮೈಕು ಆನ್ ಆಯಿತು. ಸಾಬರ ದವಡೆ ಅಲುಗಾಡಿತು. ಕುತ್ತಿಗೆಯ ನರ ಉಬ್ಬಿತು. ಏನೂ ಬರಲಿಲ್ಲ.

ಸ್ಪೀಕರಿನಿಂದ ರುದ್ರಪ್ಪನವರ ದನಿ: “ಆರಾಮಾಗಿ ಹೇಳೋ ಸಾಬಾ. ಹಿಂದ ಯಾರೂ ಇಲ್ಲ.”

ಹಿಂದೆ ಎಂಟು ಹತ್ತು ಬಸ್ಸುಗಳು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದವು.

ನಾನು ಹೊರಗೆ ನೋಡಿದೆ, ಶಬಾನಾ ನೆಲ ನೋಡಿದಳು. ಎಷ್ಟೋ ಹೊತ್ತಾದ ಮೇಲೆ, ಎಚ್ಚರಿಕೆ ಬಂದು ಉಚ್ಚಾಟನೆಗೆ ಇನ್ನೇನು ಚೂರೇ ಉಳಿದಿರುವಾಗ, ಬಾಗಿಲು ಗೀಚಿದಂಥ ಒಂದು ಸದ್ದು, ಅದರ ಹಿಂದೆ “ರೈ…ಟ್.”

ಬಸ್ಸು ಹೊರಟಿತು. ಸಾಬರು ಹಣೆಯ ಬೆವರನ್ನು ಎಡಗೈಯಿಂದ ಒರೆಸಿಕೊಂಡು ನನ್ನನ್ನು ನೋಡಿದರು. ನಕ್ಕರು ಎಂದು ನನಗನಿಸಿತು; ಅರ್ಧ ಮುಖ ಮಾತ್ರ ನಕ್ಕಿತು.

“ಮನ್ಯಾಗೆ ನೀರು ಅಂತಾನೂ ಅನ್ನಲ್ರಿ,” ಎಂದಳು ಶಬಾನಾ, ನನ್ನನ್ನು ಬಿಡಲು ಬಾಗಿಲಿಗೆ ಬಂದಾಗ. “ನನ್ನ ಹೆಸರಿಲ್ಲ, ಮಗನ ಹೆಸರಿಲ್ಲ. ಇದೊಂದೇ ಮಾತು, ಆ ಬಸ್ಸಿನಾಗೆ ಕುಂತಾಗ. ಡಾಕ್ಟ್ರು ಅಂದ್ರು, ಯಾವ ಮಾತು ಬರ್ತೈತೋ ಅದನ್ನ ಬಿಡಬ್ಯಾಡ್ರಿ, ಅದರ ಬಾಲ ಹಿಡ್ಕೊಂಡು ಉಳಿದವು ಬಂದ್ರೂ ಬರಬೌದು ಅಂತ. ಆ ಬಸ್ ನಿಲ್ಸಬ್ಯಾಡ್ರಿ ಮೇಡಂ.”

ಆಯಿತು ಎಂದು ಬಂದೆ. ಅನ್ನುವುದು ಸುಲಭ.

ಆಫೀಸಿನಲ್ಲಿ ನಾನು ಮೊದಲು ಕೇಳಿದ್ದು ನ್ಯಾಯವಾದ ಪ್ರಶ್ನೆಯಲ್ಲ: ರುದ್ರಪ್ಪನವರ ಹೆಸರನ್ನು ನಿಯಮದಿಂದ ಹೊರಗಿಡಬಹುದೇ? ಇಮ್ರಾನ್ ಚಹಾ ತರಿಸಿದರು. “ಒಬ್ಬರಿಗೆ ಮಾಡಿದ್ರ ನಾಳೆ ಎಲ್ರೂ ಬರ್ತಾರ್ರಿ. ಭಾನುವಾರ ದೊಡ್ಡ ಕಾನ್ವಾಯ್ ಬೇರೆ ಐತೆ, ಅವತ್ತು ರಸ್ತೆ ನಿಂತ್ರೆ ಜನ ಬ್ಯಾರೆ ಸರ್ವರಿಗೆ ಹೋಗ್ತಾರೆ. ನಿಯಮದಾಗೆ ದಾರಿ ಇದ್ರೆ ಹುಡುಕ್ರಿ.” ಕಾನ್ವಾಯ್ ಎಂದರೆ ಭಾನುವಾರದ ಮಧ್ಯಾಹ್ನ ಬಸ್ಸುಗಳೆಲ್ಲ ಸಾಲಾಗಿ ಹರಿಹರದ ಸೇತುವೆಯ ತನಕ ಹೋಗುವುದು. ಅದರಲ್ಲಿ ಸೇರಲು ರುದ್ರಪ್ಪ ಆಗಲೇ ತಮ್ಮ ಹೆಸರು ಬರೆಸಿದ್ದರು.

ಪ್ರಮೋದ ಮಾತು ಗುರುತಿಸುವ ಒಂದು ಪ್ರೋಗ್ರಾಂ ತಂದ. ಕಂಡಕ್ಟರ್ ‘ರೈಟ್’ ಎಂದರೆ ಅದು ಹಿಡಿದುಕೊಳ್ಳಬೇಕು. ಅವನು ಹೇಳಿದರೆ ಹಿಡಿಯುತ್ತಿತ್ತು. ನಾನು ಬಾತಿಯಲ್ಲಿ ಕೇಳಿದ ಹಾಗೆ ಹೇಳಿ ತೋರಿಸಿದೆ. ಅದು ‘ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತು. ಮತ್ತೊಮ್ಮೆ ಪ್ರಯತ್ನಿಸಲು ಸಾಬರಿಗೆ ಎಷ್ಟು ಬೇಕೆಂದು ನೋಡಿ ಬಂದಿದ್ದ ನನಗೆ ಆ ಯಂತ್ರದ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಹಾಗಾದರೆ ಕೀಬೋರ್ಡಿನ ಒಂದು ಕೀಲಿ ಒತ್ತಿಸೋಣ ಎಂದ ಪ್ರಮೋದ. ಕೀಲಿ ಒತ್ತಿದರೆ ಮಾತು ಬೇಕಾಗುವುದೇ ಇಲ್ಲ. ಆಗ ಅವರು ಯಾಕೆ ಮಾತಾಡಬೇಕು?

ದಾರಿ ಹೊಳೆದದ್ದು ರುದ್ರಪ್ಪನವರ ಮಾತಿನಿಂದಲೇ. ಅಲ್ಲೀ ತನಕ ಗಾಡಿ ಅವನದು. ಟೂಲಿಗೆ ಯಾರು ಏನು ಮಾತಾಡಿದರೆಂದು ತಿಳಿಯದು, ಆದರೆ ಯಾರ ದನಿ ಬಂತೆಂದು ತಿಳಿಯುತ್ತದೆ. ಕಂಡಕ್ಟರು ಬಾಯಿ ಬಿಟ್ಟು ಏನು ಸದ್ದು ಮಾಡಿದರೂ ಅದನ್ನೇ ರೈಟ್ ಎಂದು ತಿಳಿದರಾಯಿತು. ನಿಜವಾದ ಬಸ್ಸಿನಲ್ಲೂ ಕಂಡಕ್ಟರುಗಳು ಸ್ಪಷ್ಟವಾಗಿ ರೈಟ್ ಎನ್ನುವುದನ್ನು ಯಾರು ಕೇಳಿದ್ದಾರೆ? ಹೊಸ ವೇರಿಯಬಲ್ ಮಾಡಿದೆ, ‘ರೈಟ್ ಹೇಳಿದ್ದಾರೆ’. ಬಸ್ಸು ನಿಂತ ಕೂಡಲೇ ಸೊನ್ನೆ. ಕಂಡಕ್ಟರರ ದನಿ ಬಂದ ಕೂಡಲೇ ಒಂದು. ಒಂದಾದ ಮೇಲೆಯೇ ರಸ್ತೆ ತಡೆಯ ಲೆಕ್ಕ ಶುರು. ಕಂಡಕ್ಟರ್ ಇರುವ, ರಸ್ತೆಯ ಎಡಕ್ಕೆ ಸರಿದು ನಿಂತ ಪ್ರತಿ ಬಸ್ಸಿಗೂ ಇದೇ ನಿಯಮ. ಯಾರ ಹೆಸರೂ ಇಲ್ಲ. ಇಮ್ರಾನ್ ಎರಡು ಸಲ ಓದಿ ತಲೆ ಆಡಿಸಿದರು. ಖಾಲಿ ಮಾಡುವ ಸಾಲು ಬರೆದಿದ್ದೀಯೋ ಇಲ್ಲವೋ ಎಂದು ನನ್ನನ್ನು ನಾನೇ ಮತ್ತೆ ಮತ್ತೆ ಕೇಳಿಕೊಂಡೆ. ಬರೆದಿದ್ದೆ.

ಭಾನುವಾರ ರಜೆಯಾದರೂ ಮೂವರೂ ಬಂದೆವು. ಪ್ರಮೋದ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ಕಾನ್ವಾಯ್ ದಾವಣಗೆರೆ ಬಿಟ್ಟಿತು. ರುದ್ರಪ್ಪನವರ ಬಸ್ಸು ಎಲ್ಲಕ್ಕಿಂತ ಮುಂದೆ. ಹಿರಿಯರು ಎಂದು ಅವರನ್ನು ಮುಂದೆ ಬಿಟ್ಟದ್ದೂ ಇಮ್ರಾನರೇ. ಆಗ ಅದು ಒಳ್ಳೆಯ ಯೋಚನೆಯೆಂದೇ ಎಲ್ಲರಿಗೂ ಅನಿಸಿತ್ತು.

ಬಾತಿಯಲ್ಲಿ ನಿಂತಿತು. ಸಾಬರು ಹತ್ತಿದರು. ಮೈಕು ಆನ್ ಆಯಿತು.

ಆ ದಿನ ಮಾತು ಬರಲಿಲ್ಲ. ಬರುತ್ತದೆ ಎಂದು ಕಾದೆವು. ನನ್ನ ಪರದೆಯ ಮೇಲೆ ‘ರೈಟ್ ಹೇಳಿದ್ದಾರೆ’ ಎದುರಿಗೆ ಸೊನ್ನೆ. ಕಾನ್ವಾಯಿನಲ್ಲಿ ಓವರ್‌ಟೇಕ್ ಮಾಡುವಂತಿಲ್ಲ, ಹಾಗಾಗಿ ಹಿಂದಿನವರೆಲ್ಲ ನಿಂತರು. ಹಾರ್ನ್ ಶುರುವಾಯಿತು. ಬೈಗುಳದ ಸಾಲುಗಳು ಒಂದರ ಮೇಲೊಂದು ಬಂದವು. ‘ಯಾವ ಮುದುಕನಪ್ಪ ಇವನು.’ ‘ಕಿತ್ತು ಹಾಕ್ರಿ.’ ‘ನಿದ್ದಿ ಮಾಡ್ತಾನೇನೋ.’ ಜನ ಬಿಟ್ಟು ಹೋಗಲಾರಂಭಿಸಿದರು. ಟೂಲು ಮಾತ್ರ ಬಾಯಿ ಮುಚ್ಚಿಕೊಂಡಿತ್ತು. ನಾನು ಕಲಿಸಿದ ಹಾಗೆ ಅದು ಕಾಯುತ್ತಿತ್ತು.

ಇಮ್ರಾನ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. “ಮೇಡಂ, ಇದೊಂದು ಸಲಕ್ಕೆ ತಗೀರಿ. ಕೈಯಿಂದ ಮುಂದ ತಳ್ರಿ ಬಸ್ನ.”

“ರೈಟ್ ಹೇಳಿಲ್ಲ ಅವರು,” ಎಂದೆ.

“ನನ್ನ ಸರ್ವರ್ರಿ ಇದು.”

“ಹೌದು. ಆದರೆ ಬಸ್ಸು ಈಗ ಅವರದು.”

ಅವರು ಚಹಾ ಕುಡೀರಿ ಎನ್ನಲಿಲ್ಲ. ಅದಕ್ಕೇ ನನಗೆ ನಿಜವಾಗಿ ಭಯವಾಯಿತು. ಆಗ ಸ್ಪೀಕರಿನಿಂದ, ಹಾರ್ನುಗಳ ನಡುವೆ, ಸಾಬರ ಗಂಟಲು ಒಣಗಿ ಎಳೆಯುವ ಉಸಿರು ಕೇಳಿಸಿತು. ದನಿಯಲ್ಲ, ಬರೀ ಉಸಿರು. ಇಮ್ರಾನ್ ಅದನ್ನು ಮೊದಲ ಸಲ ಕೇಳಿದ್ದು. ನನ್ನ ಮುಂದಿನ ಮೈಕನ್ನು ಎಳೆದುಕೊಂಡು ಎಲ್ಲ ಬಸ್ಸುಗಳಿಗೂ ಕೇಳುವ ಹಾಗೆ ಹೇಳಿದರು:

“ಕಂಡಕ್ಟರ್ ಇನ್ನೂ ರೈಟ್ ಹೇಳಿಲ್ರಿ. ಮೈಯಾಗೆ ಹುಷಾರಿಲ್ಲ ಅವರಿಗೆ. ಕಾಯ್ರಿ.”

ಹಾರ್ನುಗಳು ಒಂದೊಂದಾಗಿ ನಿಂತವು. ಕೊನೆಯದು ಸ್ವಲ್ಪ ಹೊತ್ತು ಕೂಗುತ್ತಿತ್ತು, ಅವನಿಗೆ ಯಾರೋ ಬೈದ ಮೇಲೆ ಅದೂ ನಿಂತಿತು. ಅಷ್ಟು ಬಸ್ಸುಗಳು ಹಾರ್ನ್ ಇಲ್ಲದೆ ನಿಂತದ್ದನ್ನು ನಾನು ಆಟದಲ್ಲೂ ನೋಡಿರಲಿಲ್ಲ, ಊರಲ್ಲೂ ನೋಡಿಲ್ಲ. ಪ್ರಮೋದನ ಕೈಯಲ್ಲಿ ಮಿರ್ಚಿ ಹಾಗೇ ಇತ್ತು.

“ರೈ…” ಬಂತು. ನಿಂತಿತು. “…ಟ್.”

ಸೊನ್ನೆ ಆಗಲೇ ಒಂದಾಗಿತ್ತು. ನನಗೆ ಅಳು ಬಂತು, ಅತ್ತೆ. ಸಾಬರಿಗೆ ಶಹಭಾಸ್ ಎಂದು ಯಾರೂ ಹೇಳಲಿಲ್ಲ. ಬಾತಿ ದಾಟಿದ್ದೇ ತಡ, ಕಾನ್ವಾಯ್ ನಿಯಮ ಮರೆತು ಎಲ್ಲರೂ ಒಬ್ಬರನ್ನೊಬ್ಬರು ಓವರ್‌ಟೇಕ್ ಮಾಡುವುದರಲ್ಲಿ ಮುಳುಗಿದ್ದರು. ಸೇತುವೆಯ ಮೇಲೆ ನಾಲ್ಕು ಬಸ್ಸುಗಳು ಡಿಕ್ಕಿಯಾದವು. ಇಮ್ರಾನ್ ನನಗೆ ಚಹಾ ತರಿಸಿದರು, ಸಿಟ್ಟಿಲ್ಲದ್ದು.

ಆ ವೇರಿಯಬಲ್ ಆಮೇಲೆ ಜನರಿಗೆ ಹಿಡಿಸಿತು. ಎಲ್ಲರಿಗೂ ಕಂಡಕ್ಟರ್ ಬೇಕಾದರು. ಬೇಕಂತಲೇ ಬಾಯಿ ಬಿಡದ ಗೆಳೆಯರನ್ನು ಹತ್ತಿಸಿಕೊಂಡು ಗಂಟೆಗಟ್ಟಲೆ ನಿಂತ ಪುಂಡರೂ ಇದ್ದರು. ಅವರ ಬಸ್ಸಿನ ಪ್ರಯಾಣಿಕರೇ ಇಳಿದು ಹೋಗಿ ಬುದ್ಧಿ ಕಲಿಸಿದರು. ಟೂಲಿನ ಹೊಸ ಆವೃತ್ತಿ ಬಂದಾಗ ಪ್ರಮೋದ ಹಳೆಯ ಡಬ್ಬಿಗಳನ್ನೆಲ್ಲ ಗುಡಿಸಿ ಹಾಕಿದ. ಇದನ್ನು ಮುಟ್ಟಲಿಲ್ಲ. ಹೆಸರು ಓದಿದರೆ ಯಾಕೆ ಇದೆ ಎಂದು ತಿಳಿಯುತ್ತದೆ ಮೇಡಂ, ಎಂದ. ಹಾಲಪ್ಪನವರಿಗೆ ಇದನ್ನು ಹೇಳಬೇಕೆನಿಸಿತು. ಅವರು ಎಲ್ಲಿದ್ದಾರೆಂದು ನನಗೆ ತಿಳಿಯದು.

ಸಾಬರು ಮಾತ್ರ ದಿನವೂ ಬಾತಿಯಲ್ಲಿ ಹತ್ತಿ ರೈಟ್ ಹೇಳುತ್ತಿದ್ದರು. ಸ್ವಲ್ಪ ಸ್ವಲ್ಪ ಬೇಗ ಬರುತ್ತಿತ್ತು, ಆದರೆ ಅದೊಂದೇ. ಅದರ ಬಾಲ ಹಿಡಿದು ಬೇರೇನೂ ಬರಲಿಲ್ಲ. ಶಬಾನಾ ಆಗಾಗ ಫೋನ್ ಮಾಡಿ, “ಇವತ್ತೂ ಅಷ್ಟೇ ರಿ,” ಎನ್ನುತ್ತಿದ್ದಳು. ನನ್ನ ನಿವೃತ್ತಿಯ ತನಕವೂ ಅಷ್ಟೇ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಒಂದು ದಿನ ಹೊತ್ತು ಹೋಗದೆ ನಾನೇ ಆಟದೊಳಗೆ ಹೋದೆ. ಪ್ರಯಾಣಿಕಳಾಗಿ, ಬಾತಿಯ ಸ್ಟಾಪಿನಲ್ಲಿ. ಕೈ ಎತ್ತುವುದು ಯಾವ ಕೀಲಿ ಎಂದು ನನಗೆ ಗೊತ್ತಿರಲಿಲ್ಲ. ‘ಕೈ’ ಎಂಬ ವೇರಿಯಬಲ್ ಮಾಡಿದವಳು ನಾನೇ. ಒಂದೊಂದೇ ಕೀಲಿ ಒತ್ತುತ್ತಾ ಬಗ್ಗಿದೆ, ಕುಣಿದೆ, ರಸ್ತೆಯ ಮೇಲೆ ಒಮ್ಮೆ ಮಲಗಿದೆ. ಹೇಗೋ ಕೈ ಮೇಲೆ ಹೋದಾಗ ಬಸ್ಸು ಬಂದು ನಿಂತಿತು.

“ಹತ್ರಿ ಆರ್ಟಿಓ ಮೇಡಂ,” ಎಂದರು ರುದ್ರಪ್ಪ. ಹೆಸರು ಓದಿಕೊಂಡಿದ್ದರು.

ಹತ್ತುವುದು ಹೇಗೋ ಆಯಿತು. ಒಳಗೆ ಹೋಗುವುದು ತಿಳಿಯಲಿಲ್ಲ. ಬಾಗಿಲಿನ ಮೆಟ್ಟಿಲ ಮೇಲೇ ನಿಂತು ಕೀಲಿ ಹುಡುಕುತ್ತಿದ್ದೆ. ಸಾಬರು ಬಾಗಿಲಲ್ಲೇ ಇದ್ದರು. ಮೈಕು ಆನ್ ಆಯಿತು. ರೈಟ್ ಬರುತ್ತದೆ ಎಂದು ಕಾದೆ. ಹಿಂದೆ ಹಾರ್ನ್ ಇರಲಿಲ್ಲ. ಉಸಿರು ಕೇಳಿಸಿತು. ನಾನು ಇನ್ನೊಂದು ಕೀಲಿ ಒತ್ತಿದೆ, ನನ್ನ ಬೊಂಬೆ ಫುಟ್‌ಬೋರ್ಡಿನ ಮೇಲೆ ಕುಣಿಯತೊಡಗಿತು.

“ಏ… ಒಳಗ… ಒಳಗ ಹೋಗ್ರಿ!”

ಅದು ಸಾಬರ ದನಿ. ನನ್ನ ಬೊಂಬೆ ಕುಣಿಯುತ್ತಲೇ ಇತ್ತು.

“ಫುಟ್‌ಬೋರ್ಡ್… ಮ್ಯಾಲ ನಿಲ್… ನಿಲ್ಲಬ್ಯಾಡ್ರಿ! ಎಷ್ಟು ಸಲ… ಹೇಳ್ಬೇಕು ನಿಮಗ! ಒಳಗ ಖಾಲಿ… ಐತೆ!”

ಆ ಮೈಕಿನಲ್ಲೇ ಯಾವುದೋ ಪಾತ್ರೆ ನೆಲಕ್ಕೆ ಬಿದ್ದ ಸದ್ದು, ಶಬಾನಾ “ಅಬ್ಬಾಜಿ!” ಎಂದು ಕೂಗಿದ್ದು ಕೇಳಿಸಿತು.  ಬಸ್ಸು ಇದ್ದಲ್ಲೇ ನಿಂತಿತ್ತು, ಯಾಕೆಂದರೆ ಟೂಲಿಗೆ ಯಾವ ಸದ್ದಾದರೂ ರೈಟೇ, ರುದ್ರಪ್ಪನವರಿಗೆ ಇನ್ನೂ ರೈಟ್ ಹೇಳಿರಲಿಲ್ಲ.

ಮೇಲಿನವರ ಕೈಯಲ್ಲಿ ನಾನು ಸಾಕಷ್ಟು ಬೈಸಿಕೊಂಡಿದ್ದೇನೆ. ಎದ್ದು ನಿಂತು ಕೇಳಿಸಿಕೊಂಡದ್ದು ಹಾಲಪ್ಪನವರದ್ದೊಂದು, ಇದೊಂದು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಕುರ್ಚಿ ಬಿಟ್ಟು ಎದ್ದೆ. ಒಳಗೆ ಹೋಗುವ ಕೀಲಿ ಅಷ್ಟರಲ್ಲಿ ಸಿಕ್ಕಿತ್ತು. ನಾನು ಒತ್ತಲಿಲ್ಲ. ಇನ್ನೂ ಸ್ವಲ್ಪ ಬೈಯಲಿ ಎಂದು ಅಲ್ಲೇ ನಿಂತೆ.